ಚೆಂಡೆ ಯಾಕೆ ಒಡೆಯುತ್ತದೆ? ಕಂಪ್ಯೂಟರಿನ ಮ್ಯೂಸಿಕ್ ಪ್ಲೇಯರ್ ಬದಲಿಸುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಕಳೆದ ಮಳೆಗಾಲದ ಒಂದು ಸಂಜೆ ಮಂಗಳೂರಿನ ಕದ್ರಿಯಿಂದ ಭಾವ ಫೋನ್ ಮಾಡಿದರು. "ಯಕ್ಷಗಾನ ಹಾಕಿದರೆ ಚೆಂಡೆಯ ಉರುಳಿಕೆ ಬರುವಾಗ ದನಿ ಒಡೆಯುತ್ತದೆ. ಒಂದು ತಿಂಗಳಲ್ಲಿ ಮೂರು ಪ್ಲೇಯರ್ ಹಾಕಿ ನೋಡಿದೆ. ಒಳ್ಳೆಯದೊಂದರ ಹೆಸರು ಹೇಳು" ಎಂದರು. "ಹೆಸರು ಆಮೇಲೆ ಹೇಳುತ್ತೇನೆ ಭಾವ. ನೀವು ಯಾವುದನ್ನೂ ಅಳಿಸಬೇಡಿ, ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಭಾನುವಾರ ಬರುತ್ತೇನೆ" ಎಂದೆ. ಕೆಟ್ಟದ್ದು ಕೆಟ್ಟಂತೆಯೇ ಉಳಿದಿದ್ದರೆ ಮಾತ್ರ ದೋಷ ಕೈಗೆ ಸಿಗುತ್ತದೆ. ಉಡುಪಿಯಿಂದ ಹೊರಡುವಾಗ ಚೀಲದಲ್ಲಿ ಮಲ್ಟಿಮೀಟರ್, ಆಂಪ್ಲಿಫೈಯರಿಗೆ ಹಾಡು ಒಯ್ಯುವ ಒಂದು ಜೊತೆ ಆರ್‌ಸಿಎ ಕೇಬಲ್, ಐಸೋಪ್ರೊಪೈಲ್ ಆಲ್ಕೋಹಾಲಿನ ಪುಟ್ಟ ಬಾಟಲಿ ಮತ್ತು ಒಂದು ನೋಟ್‌ಪುಸ್ತಕ ಇದ್ದವು.

ಭಾವನ ಮನೆಯ ವ್ಯವಸ್ಥೆ ದೊಡ್ಡದೇನಲ್ಲ. ವಿಂಡೋಸ್ ಲ್ಯಾಪ್‌ಟಾಪ್, ಅದರಿಂದ ಅಂಕಿಗಳನ್ನು ಪಡೆದು ವಿದ್ಯುತ್ ಸಂಕೇತವಾಗಿಸುವ ಯುಎಸ್‌ಬಿ ಡ್ಯಾಕ್, ಹಳೆಯ ಆಂಪ್ಲಿಫೈಯರ್, ಚಾವಡಿಯಲ್ಲಿ ಎರಡು ಸ್ಪೀಕರ್. ದೂರುಗಳು ಮಾತ್ರ ಆರು. ಮೊದಲ ಪ್ಲೇಯರಿನಲ್ಲಿ ಚೆಂಡೆ ಒಡೆಯುತ್ತದೆ. ಎರಡನೆಯದರಲ್ಲಿ ಮದ್ದಳೆ ತುಂಬಿಕೊಂಡು ಬರುತ್ತದೆ, ಆದರೆ ಎಲ್ಲ ಹಾಡುಗಳೂ ಒಡೆಯುತ್ತವೆ. ಮೂರನೆಯದರಲ್ಲಿ ಭಾಗವತರ ದನಿಗೆ ಜೀವವೇ ಇಲ್ಲ. ಇವಲ್ಲದೆ ಆಗಾಗ ಚಟಚಟ ಸದ್ದು. ಹಾಡು ನಿಂತಾಗ ಗುಂಯ್ ಎನ್ನುವ ಹಿನ್ನೆಲೆ, ಅದರೊಂದಿಗೆ ಒಮ್ಮೊಮ್ಮೆ ಮೌನವಾಗುವ ಎಡ ಸ್ಪೀಕರ್. ಎಲ್ಲವನ್ನೂ ಅವರು ಪ್ಲೇಯರಿನ ಲೆಕ್ಕಕ್ಕೇ ಬರೆದಿದ್ದರು.

ಹಾಡು ಹಾದುಬರುವ ದಾರಿಯನ್ನು ನಾನು ಮೊದಲು ಹಾಳೆಯ ಮೇಲೆ ಬರೆಯುತ್ತೇನೆ: ಕಡತ, ಅದನ್ನು ಬಿಡಿಸುವ ಡಿಕೋಡರ್, ಪ್ಲೇಯರಿನೊಳಗಿನ, ಸ್ವರಗಳ ಮಟ್ಟವನ್ನು ಏರಿಸಿಳಿಸುವ ಈಕ್ವಲೈಸರ್ ಮತ್ತಿತರ ಸಂಸ್ಕರಣೆ, ಆಪರೇಟಿಂಗ್ ಸಿಸ್ಟಮಿನ ಮಿಕ್ಸರ್, ಡ್ರೈವರ್, ಯುಎಸ್‌ಬಿ ಕೇಬಲ್, ಡ್ಯಾಕ್, ಆಂಪ್ಲಿಫೈಯರ್, ಸ್ಪೀಕರ್, ಕೋಣೆ. ಇಷ್ಟರಲ್ಲಿ ಪ್ಲೇಯರ್ ಎಂಬುದು ಎರಡೋ ಮೂರೋ ಕೊಂಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು.

ಕಂಪ್ಯೂಟರನ್ನು ಬದಿಗಿಟ್ಟು ಶುರುಮಾಡಿ

ಆಂಪ್ಲಿಫೈಯರಿಗೆ ಕಂಪ್ಯೂಟರಿನ ಬದಲು ಸಿಡಿ ಪ್ಲೇಯರನ್ನೋ ಮೊಬೈಲನ್ನೋ ಜೋಡಿಸಿ ಅದೇ ಹಾಡನ್ನು ಕೇಳಿ. ದೋಷ ಹಾಗೆಯೇ ಉಳಿದರೆ ಸಾಫ್ಟ್‌ವೇರಿನ ಮಾತನ್ನು ಅಲ್ಲಿಗೇ ಬಿಡಬಹುದು. ಭಾವನ ಎಡ ಸ್ಪೀಕರ್ ಮೊಬೈಲಿನಲ್ಲೂ ಮೌನವಾಯಿತು. ಆಂಪ್ಲಿಫೈಯರಿನ ಹಿಂದಿನ ಆರ್‌ಸಿಎ ಪಿನ್ನುಗಳ ಮೇಲೆ ತೆಳುವಾಗಿ ಹಸಿರು ಕಿಲುಬು ಕೂತಿತ್ತು. ಕರಾವಳಿಯ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಇವೆರಡೂ ಸೇರಿದರೆ ಲೋಹದ ಸಂಪರ್ಕ ಕೆಡಲು ಹೆಚ್ಚು ದಿನ ಬೇಡ. ಎಲ್ಲ ಉಪಕರಣಗಳನ್ನೂ ಆರಿಸಿ, ಪ್ಲಗ್ ಕಿತ್ತು, ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಪಿನ್ ಮತ್ತು ಸಾಕೆಟ್ ಎರಡನ್ನೂ ಒರೆಸಿ, ಒಣಗಿದ ಮೇಲೆ ನಾಲ್ಕೈದು ಸಲ ತಿರುಗಿಸಿ ಸಿಕ್ಕಿಸಿದೆ. ಎಡಬದಿ ಮರಳಿ ಬಂತು. ನಮ್ಮ ಊರುಗಳಲ್ಲಿ ಇದನ್ನು ಮಳೆಗಾಲ ಮುಗಿದೊಡನೆ ವರ್ಷಕ್ಕೊಮ್ಮೆ ಮಾಡಲೇಬೇಕು.

ಗುಂಯ್ ಸದ್ದಿಗೆ ಪರೀಕ್ಷೆ ಇನ್ನೂ ಸುಲಭ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ತಕ್ಷಣ ನಿಂತರೆ ಅದು ಅರ್ತಿಂಗಿನ ಸುತ್ತು. ಲ್ಯಾಪ್‌ಟಾಪಿನ ಚಾರ್ಜರ್ ಒಂದು ದಾರಿಯಲ್ಲಿ ಭೂಮಿಗೆ ಸೇರಿರುತ್ತದೆ, ಆಂಪ್ಲಿಫೈಯರ್ ಇನ್ನೊಂದು ದಾರಿಯಲ್ಲಿ. ಯುಎಸ್‌ಬಿ ಮತ್ತು ಆರ್‌ಸಿಎ ಕೇಬಲಿನ ಹೊರಕವಚ ಈ ಎರಡನ್ನೂ ಸೇರಿಸಿ ಒಂದು ಉಂಗುರ ಮಾಡುತ್ತದೆ. ಎರಡು ಅರ್ತ್‌ಗಳ ನಡುವೆ ಕೊಂಚವೇ ವೋಲ್ಟೇಜ್ ವ್ಯತ್ಯಾಸವಿದ್ದರೂ ಆ ಕವಚದಲ್ಲಿ ಕರೆಂಟ್ ಹರಿದು, ನಮ್ಮ 50 ಹರ್ಟ್ಜ್ ವಿದ್ಯುತ್ತಿನ ಗುನುಗು ಅದರ ಗುಣಕಗಳೊಂದಿಗೆ ಹಾಡಿನೊಳಗೆ ಸೇರುತ್ತದೆ. ಭಾವನ ಲ್ಯಾಪ್‌ಟಾಪ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಆಂಪ್ಲಿಫೈಯರ್ ಎದುರು ಗೋಡೆಯದರಲ್ಲಿ ಇತ್ತು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದಾಗ ಸದ್ದು ಬಹುಪಾಲು ಅಡಗಿತು. ಅಷ್ಟಕ್ಕೂ ಅಡಗದಿದ್ದರೆ ಎರಡು ಬದಿಯ ವಿದ್ಯುತ್ ಸಂಪರ್ಕವನ್ನು ಬೇರ್ಪಡಿಸುವ ಯುಎಸ್‌ಬಿ ಐಸೊಲೇಟರ್ ಕೊಳ್ಳಿ. ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿಯುವ ಅಥವಾ ಬಿಡಿಸುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ. 230 ವೋಲ್ಟಿನ ಉಪಕರಣದಲ್ಲಿ ಜೀವ ಉಳಿಸುವುದು ಆ ಪಿನ್ನು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದಾಗ ಮಾತ್ರ ಕರ್ಕಶವಾದ ಸದ್ದು ಬರುವುದಾದರೆ ಆ ಇನ್ವರ್ಟರ್ ಶುದ್ಧ ಸೈನ್ ಅಲೆ ಕೊಡುತ್ತಿಲ್ಲ. ಅದಕ್ಕೆ ಪ್ಲೇಯರಿನಲ್ಲಿ ಮದ್ದಿಲ್ಲ.

ಕಡತದೊಳಗೆ ನೋಡಿ

ಆರು ದೂರುಗಳಲ್ಲಿ ಎರಡು ಹೀಗೆ ಬಗೆಹರಿದವು. ಮುಂದಿನದು ಚೆಂಡೆ. ಭಾವ ಮತ್ತೆ ಮತ್ತೆ ಹಾಕಿ ತೋರಿಸಿದ್ದು ಒಂದೇ ಪ್ರಸಂಗ. ಹಳೆಯ ತೆಂಕುತಿಟ್ಟಿನ ಕ್ಯಾಸೆಟ್ಟನ್ನು ಪರಿಚಿತರೊಬ್ಬರು ಕಂಪ್ಯೂಟರಿಗೆ ಇಳಿಸಿ ಫ್ಲ್ಯಾಕ್ ಮಾಡಿ ಕೊಟ್ಟದ್ದು.

ಫ್ಲ್ಯಾಕ್ 2001ರಲ್ಲಿ ಬಂದ, ಒಂದಂಕಿಯನ್ನೂ ಕಳೆಯದೆ ಧ್ವನಿಯನ್ನು ಮಡಚಿಡುವ ವಿಧಾನ. ಮಡಚುವ ಮುಂಚಿನ ಧ್ವನಿಯ ಅಂಕಿಗಳಿಂದ ಲೆಕ್ಕಹಾಕಿದ ಎಂಡಿ5 ಎಂಬ ಗುರುತನ್ನು ಅದು ಕಡತದ ತಲೆಯಲ್ಲೇ ಬರೆದಿಡುತ್ತದೆ. ಬಿಡಿಸಿದಾಗ ಸಿಗುವ ಗುರುತು ಅದಕ್ಕೆ ತಾಳೆಯಾದರೆ ಕಡತ ಹಾಳಾಗಿಲ್ಲ ಎಂದು ಗೊತ್ತಾಗುತ್ತದೆ. ಫ್ಲ್ಯಾಕಿನದೇ ಉಪಕರಣದಲ್ಲಿ ಈ ಪರೀಕ್ಷೆ ಇದೆ, ಫೂಬಾರ್ 2000 ಎಂಬ ಪ್ಲೇಯರಿಗೂ ಇದಕ್ಕೊಂದು ಜೋಡಣೆ ಸಿಗುತ್ತದೆ. ಭಾವನ ಕಡತ ಈ ಪರೀಕ್ಷೆಯಲ್ಲಿ ಪಾಸಾಯಿತು. ಆದರೆ ಕಡತ ಕೆಟ್ಟಿಲ್ಲ ಎಂದ ಮಾತ್ರಕ್ಕೆ ಒಳಗಿರುವ ಧ್ವನಿ ಕೆಟ್ಟಿಲ್ಲ ಎನ್ನಲಾಗದು. ಒಡೆದ ದನಿಯನ್ನು ಮಡಚಿಟ್ಟರೆ ಒಡೆದ ದನಿಯೇ ಚೂರೂ ಮುಕ್ಕಾಗದೆ ಹೊರಬರುತ್ತದೆ.

ಆದ್ದರಿಂದ ಕಡತವನ್ನು ಅಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು ಚೆಂಡೆಯ ಉರುಳಿಕೆ ಇರುವಲ್ಲಿ ಹಿಗ್ಗಿಸಿ ನೋಡಿದೆವು. ಅಲೆಗಳ ತುದಿಗಳು ಗುಡ್ಡದಂತೆ ದುಂಡಗಿರಬೇಕಿತ್ತು. ಕತ್ತಿಯಿಂದ ಸವರಿದಂತೆ ಚಪ್ಪಟೆಯಾಗಿದ್ದವು. ಇಳಿಸುವಾಗ ಮಟ್ಟವನ್ನು ಮಿತಿಮೀರಿ ಇಟ್ಟದ್ದೇ ಕಾರಣ. ಚೆಂಡೆಯ ಪೆಟ್ಟು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಏರುತ್ತದೆ, ಭಾಗವತರ ದನಿಗೆ ಸರಿಯಾಗಿ ಮಟ್ಟ ಇಟ್ಟವನಿಗೆ ಅದು ಹಾರಿ ಹೋಗುವುದು ಕಾಣುವುದೇ ಇಲ್ಲ. ಮೊದಲ ಪ್ಲೇಯರ್ ಕಡತದಲ್ಲಿದ್ದುದನ್ನು ಇದ್ದಂತೆ ಕೇಳಿಸಿತ್ತು. ಅದೇ ಪ್ಲೇಯರಿನಲ್ಲಿ ಅಂಗಡಿಯಿಂದ ಕೊಂಡ ಸಿಡಿಯ ಕರ್ನಾಟಕ ಸಂಗೀತ ಹಾಕಿದಾಗ ಮೃದಂಗದ ಒಂದು ಪೆಟ್ಟೂ ಒಡೆಯಲಿಲ್ಲ.

ಎಂಪಿ3ಯಿಂದ ಮಾಡಿದ ಸುಳ್ಳು ಫ್ಲ್ಯಾಕ್‌ಗಳನ್ನು ಹಿಡಿಯಲು ಆವೃತ್ತಿಗಳ, ಅಂದರೆ ಸ್ವರಗಳ ಕಂಪನಸಂಖ್ಯೆಗಳ, ಚಿತ್ರ ನೋಡುವ ಪದ್ಧತಿ ಇದೆ. 128 ಕಿಲೋಬಿಟ್ ಎಂಪಿ3ಗಳಲ್ಲಿ ಸಾಮಾನ್ಯವಾಗಿ 16 ಕಿಲೋಹರ್ಟ್ಜ್ ಸುಮಾರಿಗೆ ಗೋಡೆ ಕಟ್ಟಿದಂತೆ ಎಲ್ಲವೂ ನಿಲ್ಲುತ್ತದೆ. ಈ ಪರೀಕ್ಷೆಯನ್ನು ಕ್ಯಾಸೆಟ್ಟಿನಿಂದ ಇಳಿಸಿದ್ದಕ್ಕೆ ಹಚ್ಚಿ ಆತುರದ ತೀರ್ಮಾನಕ್ಕೆ ಬರಬೇಡಿ. ಹಳೆಯ ಟೇಪಿನಲ್ಲಿ ಮೇಲಿನ ಆವೃತ್ತಿಗಳು ಮೊದಲೇ ಕ್ಷೀಣ. ಅವು ಮೆಲ್ಲಗೆ ಕರಗುತ್ತವೆ, ಗೋಡೆಯಂತೆ ಕಡಿಯುವುದಿಲ್ಲ.

ಪ್ಲೇಯರಿನ ಸೆಟ್ಟಿಂಗ್‌ಗಳು

ಎರಡನೆಯ ಪ್ಲೇಯರಿನ ಈಕ್ವಲೈಸರ್ ತೆರೆದರೆ ಕೆಳಗಿನ ಆವೃತ್ತಿಗಳನ್ನು 6 ಡೆಸಿಬೆಲ್ ಏರಿಸಿಡಲಾಗಿತ್ತು. ಮದ್ದಳೆ ತುಂಬಿ ಬಂದದ್ದೂ, ಎಲ್ಲ ಹಾಡು ಒಡೆದದ್ದೂ ಇದರಿಂದಲೇ. 6 ಡೆಸಿಬೆಲ್ ಎಂದರೆ ಅಲೆಯ ಎತ್ತರ ಹೆಚ್ಚುಕಡಿಮೆ ಎರಡರಷ್ಟು. ಸಿಡಿಯ 16 ಬಿಟ್ ಅಳತೆಯಲ್ಲಿ ಒಂದು ಮಾದರಿಯ ಗರಿಷ್ಠ ಬೆಲೆ 32,767. ಮದ್ದಳೆಯ ಒಂದು ಪೆಟ್ಟು 20,000ದಲ್ಲಿದ್ದರೆ ಏರಿಸಿದಾಗ 40,000 ಆಗಬೇಕು. ಅಷ್ಟಕ್ಕೆ ಪಾತ್ರೆಯಲ್ಲಿ ಜಾಗವಿಲ್ಲ, 32,767ಕ್ಕೆ ಕತ್ತರಿಸಿಕೊಳ್ಳುತ್ತದೆ. ಏರಿಸಲೇಬೇಕೆಂದಿದ್ದರೆ ಪ್ರಿಆಂಪ್ ಎಂಬ ಜಾರುಗುಂಡಿಯನ್ನು ಅಷ್ಟೇ 6 ಡೆಸಿಬೆಲ್ ಇಳಿಸಿ, ಕಡಿಮೆಯಾದ ಗಟ್ಟಿತನವನ್ನು ಆಂಪ್ಲಿಫೈಯರಿನ ಗುಂಡಿಯಿಂದ ತುಂಬಿಕೊಳ್ಳಿ. ಭಾವನ ಪ್ಲೇಯರಿನಲ್ಲಿ ಪ್ರಿಆಂಪ್ ಸೊನ್ನೆಯಲ್ಲೇ ಇತ್ತು.

ಮೂರನೆಯದರಲ್ಲಿ "ಜೀವವಿಲ್ಲ" ಎಂಬ ದೂರಿಗೆ ಕಾರಣ ರಿಪ್ಲೇಗೇನ್. ಹಾಡುಗಳ ಗಟ್ಟಿತನವನ್ನು ಅಳೆದು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಈ ಪದ್ಧತಿ 2001ರಿಂದ ಇದೆ. ಧ್ವನಿಯ ಗುಣಕ್ಕೆ ಅದರಿಂದ ಕೇಡಿಲ್ಲ. ಭಾವನ ಯಕ್ಷಗಾನದ ಕಡತಗಳು ಮಿತಿಮೀರಿ ಗಟ್ಟಿಯಾಗಿದ್ದುದರಿಂದ ಆ ಪ್ಲೇಯರ್ ಅವುಗಳನ್ನು 8 ಡೆಸಿಬೆಲ್ ತಗ್ಗಿಸುತ್ತಿತ್ತು. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ತೀರ ಕೆಳಗಿನ ಸ್ವರಗಳೂ ತೀರ ಮೇಲಿನವೂ ಸೊರಗಿದಂತೆ ಕೇಳುತ್ತವೆ. ಆಂಪ್ಲಿಫೈಯರನ್ನು ಅಷ್ಟು ಏರಿಸಿದೊಡನೆ ಭಾಗವತರ ದನಿ ಮೊದಲಿನಂತೆಯೇ ಎದುರು ಬಂದು ಕೂತಿತು. ಭಾವ ನನ್ನ ಮುಖ ನೋಡಿದರು. "ಇಷ್ಟೇ ವ್ಯತ್ಯಾಸವೇ?" ಎಂದರು. ಇಷ್ಟೇ ಇತ್ತು. ಎರಡು ಪ್ಲೇಯರ್‌ಗಳನ್ನು ಹೋಲಿಸಿದವರು ಹೇಳುವ "ಇದು ಹೆಚ್ಚು ತೆರೆದುಕೊಂಡಿದೆ, ಅದು ಮಂಕು" ಎಂಬ ಮಾತುಗಳ ಹಿಂದೆ ಬಹಳ ಸಲ ಇಂಥ ಒಂದೆರಡು ಡೆಸಿಬೆಲ್‌ಗಳಿರುತ್ತವೆ ಎಂದು ನನ್ನ ಬಲವಾದ ನಂಬಿಕೆ.

ವಿಂಡೋಸಿನ ಮಿಕ್ಸರ್

ಸಿಡಿಯ ಸಂಗೀತ ಸೆಕೆಂಡಿಗೆ 44,100 ಮಾದರಿಗಳದ್ದು, ವಿಡಿಯೋ ಲೋಕದ್ದು 48,000. ವಿಂಡೋಸ್ ತನ್ನಲ್ಲಿಗೆ ಬರುವ ಎಲ್ಲ ಸದ್ದುಗಳನ್ನೂ ಬೆರೆಸಬೇಕಾದ್ದರಿಂದ, ಧ್ವನಿ ಸಾಧನದ ಗುಣಲಕ್ಷಣಗಳಲ್ಲಿ ಯಾವ ದರ ಬರೆದಿದೆಯೋ ಆ ದರಕ್ಕೆ ಎಲ್ಲವನ್ನೂ ಪರಿವರ್ತಿಸುತ್ತದೆ. ಈ ಪರಿವರ್ತನೆಯನ್ನು ಕಿವಿಯಲ್ಲಿ ಹಿಡಿಯುವುದು ಸುಲಭವಲ್ಲ. ಆದರೂ ಕಡತದ ಅಂಕಿಗಳು ಹಾಗೆಯೇ ಡ್ಯಾಕಿಗೆ ತಲುಪಬೇಕೆಂದರೆ ಮಿಕ್ಸರನ್ನು ದಾಟಿಹೋಗಬೇಕು. ಅದಕ್ಕೆ ವಿಂಡೋಸ್ ವಿಸ್ತಾದ ಕಾಲದಿಂದ ಇರುವ ದಾರಿ ವಸಾಪಿ ಎಂಬ ವಿಂಡೋಸಿನದೇ ಧ್ವನಿ ವ್ಯವಸ್ಥೆಯ ಎಕ್ಸ್‌ಕ್ಲೂಸಿವ್ ವಿಧಾನ. ಸ್ಟೈನ್‌ಬರ್ಗ್ ಕಂಪನಿ ಸ್ಟುಡಿಯೋಗಳಿಗಾಗಿ ರೂಪಿಸಿದ ಏಸಿಯೋ ಇನ್ನೊಂದು. ಕೇಳುವುದಕ್ಕೆ ಮೊದಲನೆಯದೇ ಸಾಕು.

ದಾಟಿದೆಯೋ ಇಲ್ಲವೋ ಎಂದು ತಿಳಿಯಲು ಹಾಡು ನಡೆಯುತ್ತಿರುವಾಗ ಬ್ರೌಸರಿನಲ್ಲಿ ಒಂದು ವಿಡಿಯೋ ತೆರೆಯಿರಿ. ಎರಡೂ ಒಟ್ಟಿಗೆ ಕೇಳಿಸಿದರೆ ನೀವಿನ್ನೂ ಮಿಕ್ಸರಿನೊಳಗೇ ಇದ್ದೀರಿ. ಡ್ಯಾಕಿನಲ್ಲಿ ದರ ತೋರಿಸುವ ದೀಪವಿದ್ದರೆ 44.1ರ ಒಂದು ಹಾಡು, 96ರ ಒಂದು ಹಾಡು ಹಾಕಿ ದೀಪ ಬದಲಾಗುವುದೇ ನೋಡಿ. ಲಿನಕ್ಸಿನಲ್ಲಿ ಅಲ್ಸಾ ಎಂಬ ಧ್ವನಿ ವ್ಯವಸ್ಥೆ ಆ ಕ್ಷಣದ ದರವನ್ನು ಪ್ರೋಕ್ ಕಡತಕೋಶದಲ್ಲಿ ಬರೆದು ತೋರಿಸುತ್ತದೆ. ಮ್ಯಾಕಿನಲ್ಲಿ ಆಡಿಯೋ ಮಿಡಿ ಸೆಟಪ್ ಇದೆ. ಒಂದು ಎಚ್ಚರಿಕೆ: ಎಕ್ಸ್‌ಕ್ಲೂಸಿವ್ ವಿಧಾನಕ್ಕೆ ಬದಲಿಸುವ ಮೊದಲು ಆಂಪ್ಲಿಫೈಯರಿನ ಗುಂಡಿಯನ್ನು ಪೂರ್ತಿ ಇಳಿಸಿ. ವಿಂಡೋಸಿನಲ್ಲಿ ನೀವು ತಗ್ಗಿಸಿಟ್ಟಿದ್ದ ಸದ್ದು ಆ ದಾರಿಯಲ್ಲಿ ಲೆಕ್ಕಕ್ಕೆ ಬಾರದೆ ಸ್ಪೀಕರಿಗೆ ಒಮ್ಮೆಲೇ ಪೂರ್ತಿ ಮಟ್ಟ ಹೋಗಬಹುದು. ಲ್ಯಾಪ್‌ಟಾಪ್ ತಯಾರಕರು ತುಂಬಿರುವ ಧ್ವನಿ ವರ್ಧಕ ತಂತ್ರಾಂಶಗಳನ್ನೂ ಇದೇ ಹೊತ್ತಿಗೆ ನಿಲ್ಲಿಸಿಬಿಡಿ.

ಚಟಚಟ, ಜಾರಿದ ಶ್ರುತಿ, ಪದ್ಯದ ನಡುವಿನ ಬಿರುಕು

ಚಟಚಟ ಸದ್ದಿಗೆ ಕಾರಣ ಡ್ಯಾಕಿಗೆ ಅಂಕಿಗಳು ಹೊತ್ತಿಗೆ ಸರಿಯಾಗಿ ಸಿಗದಿರುವುದು. ಭಾವ ಡ್ಯಾಕನ್ನು ಮೌಸ್, ಪ್ರಿಂಟರ್, ಹಾರ್ಡ್‌ಡಿಸ್ಕ್‌ಗಳಿರುವ ಹಬ್ಬಿಗೆ ಸಿಕ್ಕಿಸಿದ್ದರು. ಲ್ಯಾಪ್‌ಟಾಪಿಗೆ ನೇರ ಸಿಕ್ಕಿಸಿದಾಗ ಅರ್ಧ ಕಡಿಮೆಯಾಯಿತು. ವೈಫೈ ಆರಿಸಿದಾಗ ಪೂರ್ತಿ ನಿಂತಿತು. ಕೆಲವು ಡ್ರೈವರ್‌ಗಳು ಪ್ರೊಸೆಸರನ್ನು ಹಿಡಿದುಕೊಂಡು ಧ್ವನಿಯ ಸರದಿಯನ್ನು ತಡೆಯುತ್ತವೆ. ಯಾವ ಡ್ರೈವರ್ ಎಂಬುದನ್ನು ಲೇಟೆನ್ಸಿಮಾನ್ ಎಂಬ ಉಪಕರಣ ಹೆಸರು ಸಮೇತ ತೋರಿಸುತ್ತದೆ. ವೈಫೈ ಡ್ರೈವರನ್ನು ಹೊಸದಕ್ಕೆ ಬದಲಿಸಿ, ಪ್ಲೇಯರ್ ಅಂಕಿಗಳನ್ನು ಮುಂಚಿತವಾಗಿ ತುಂಬಿಡುವ ಬಫರನ್ನು ಒಂದು ಸೆಕೆಂಡಿಗೆ ಏರಿಸಿದೆ. ಹಾಡು ಕೇಳುವವರಿಗೆ ಒಂದು ಸೆಕೆಂಡ್ ತಡವಾದರೆ ನಷ್ಟವೇನೂ ಇಲ್ಲ, ಆದ್ದರಿಂದ ಬಫರಿನಲ್ಲಿ ಧಾರಾಳವಾಗಿರಿ.

ಶ್ರುತಿಯೇ ಬದಲಾಗಿದ್ದರೆ ಹಾರ್ಮೋನಿಯಂ ತೆಗೆದು ಎಷ್ಟು ಬದಲಾಗಿದೆ ಎಂದು ಹಿಡಿಯಿರಿ. 48 ಕಿಲೋಹರ್ಟ್ಜಿನ ಕಡತವನ್ನು ಯಾವುದೋ ಕೊಂಡಿ 44.1 ಎಂದು ತಪ್ಪಾಗಿ ಓದಿದರೆ ಶ್ರುತಿ ಸುಮಾರು ಒಂದೂವರೆ ಮನೆ (ಅರ್ಧಸ್ವರ) ಇಳಿಯುತ್ತದೆ, ಹಾಡೂ ನಿಧಾನವಾಗುತ್ತದೆ. ಬೇರೆ ಯಾವುದಾದರೂ ಅಳತೆಯಲ್ಲಿ ಜಾರಿದ್ದರೆ ಮೊದಲು ಕ್ಯಾಸೆಟ್ ಡೆಕ್ಕಿನ ವೇಗದ ಮೇಲೆ ಅನುಮಾನಪಡಿ. ಆಲಾಪನೆಯಿಂದ ಕೃತಿಗೆ ಹೋಗುವಲ್ಲಿ ಕ್ಷಣಕಾಲ ಮೌನ ಬಿದ್ದರೆ ಅದು ಎಂಪಿ3ಯ ಗುಣ. ಆ ವಿಧಾನ ಕಡತದ ಮೊದಲಿಗೂ ಕೊನೆಗೂ ಒಂದಿಷ್ಟು ಖಾಲಿ ಮಾದರಿ ಸೇರಿಸುತ್ತದೆ. ಫ್ಲ್ಯಾಕಿನಲ್ಲಿ ಈ ತೊಂದರೆ ಇಲ್ಲ.

ಇನ್ನೂ ಅನುಮಾನ ಉಳಿದವರಿಗೆ

ಇಷ್ಟಾದ ಮೇಲೂ ಭಾವನಿಗೆ ಮೂರನೆಯ ಪ್ಲೇಯರಿಗಿಂತ ಮೊದಲನೆಯದು ಒಂದು ಕೂದಲೆಳೆ ಮೇಲು ಎನಿಸುತ್ತಿತ್ತು. ಅದನ್ನು ನಾನು ತಳ್ಳಿಹಾಕಲಿಲ್ಲ. ಕೇಳುವವರ ಕಿವಿಯನ್ನು ಗೌರವಿಸುವುದೆಂದರೆ ಅದಕ್ಕೆ ನ್ಯಾಯವಾದ ಪರೀಕ್ಷೆ ಕೊಡುವುದು. ಎರಡು ಪ್ಲೇಯರ್‌ಗಳಲ್ಲೂ 100 ಹರ್ಟ್ಜಿನ ಶುದ್ಧ ಸ್ವರ ಹಾಕಿ ಸ್ಪೀಕರಿನ ತುದಿಗಳಲ್ಲಿ ಮಲ್ಟಿಮೀಟರಿನಿಂದ ಎಸಿ ವೋಲ್ಟೇಜ್ ಅಳೆದೆ. 2.00 ಮತ್ತು 2.02 ವೋಲ್ಟಿನ ನಡುವಿನ ವ್ಯತ್ಯಾಸ ಹತ್ತಿರಹತ್ತಿರ 0.1 ಡೆಸಿಬೆಲ್, ಅದಕ್ಕಿಂತ ಒಳಗೇ ಹೊಂದಿಸಬೇಕು. ಅಕ್ಕ ಹತ್ತು ಸಲ ನಾಣ್ಯ ಚಿಮ್ಮಿ ಪ್ಲೇಯರ್ ಆರಿಸಿದಳು, ಭಾವ ಬೆನ್ನು ತಿರುಗಿಸಿ ಕೂತು ಯಾವುದೆಂದು ಹೇಳಿದರು. ಬರೀ ಊಹೆಯಿಂದ ಹತ್ತರಲ್ಲಿ ಒಂಬತ್ತೋ ಹತ್ತೋ ಸರಿಯಾಗುವ ಸಾಧ್ಯತೆ 1,024ಕ್ಕೆ 11. ಭಾವನಿಗೆ ಐದು ಸರಿಯಾದವು. ಒಬ್ಬರೇ ಇದ್ದರೆ ಫೂಬಾರಿನ ಎಬಿಎಕ್ಸ್ ಜೋಡಣೆ ಎರಡು ಕಡತಗಳ ನಡುವೆ ಇದೇ ಪರೀಕ್ಷೆಯನ್ನು ನಡೆಸಿಕೊಡುತ್ತದೆ.

ಕಿವಿಯನ್ನೂ ಬಿಟ್ಟು ನೋಡಬೇಕೆಂದರೆ ಕಳೆಯುವ ಪರೀಕ್ಷೆ ಇದೆ. ಎಕ್ಸ್‌ಕ್ಲೂಸಿವ್ ಬಿಟ್ಟು ಮಿಕ್ಸರಿನ ದಾರಿಗೆ ಬಂದು, ಸಾಧನದ ದರವನ್ನು ಕಡತದ ದರಕ್ಕೇ ಇಟ್ಟು, ಎರಡು ಪ್ಲೇಯರ್‌ಗಳ ಹೊರಹರಿವನ್ನೂ ಅಡಾಸಿಟಿಯ ಲೂಪ್‌ಬ್ಯಾಕಿನಲ್ಲಿ ದಾಖಲಿಸಿ. ಒಂದನ್ನು ತಲೆಕೆಳಗು ಮಾಡಿ, ಮಾದರಿಗೆ ಮಾದರಿ ಹೊಂದಿಸಿ ಕೂಡಿಸಿ. ಎರಡೂ ಒಂದೇ ಆಗಿದ್ದರೆ ಮೌನ ಉಳಿಯುತ್ತದೆ, ಇಲ್ಲವೇ −90 ಡೆಸಿಬೆಲ್‌ಗಿಂತ ಕೆಳಗಿನ, ಹೆಂಚಿನ ಮೇಲೆ ಮಳೆ ಬೀಳುತ್ತಿದ್ದ ಆ ಚಾವಡಿಯಲ್ಲಂತೂ ಯಾರಿಗೂ ಕೇಳದ ಸದ್ದು.

ಹಾಗಾದರೆ ಯಾವುದನ್ನು ಆರಿಸಬೇಕು?

ಸೆಟ್ಟಿಂಗ್‌ಗಳು ಸರಿಯಾದ ಮೇಲೆ ದನಿಯ ಹೆಸರಿನಲ್ಲಿ ಪ್ಲೇಯರ್ ಆರಿಸುವ ಅಗತ್ಯ ಉಳಿಯುವುದಿಲ್ಲ. ಹಾಡಿನ ದಾರಿಯನ್ನು ತೆರೆದು ತೋರಿಸುವ, ನಮ್ಮ ಸಂಗ್ರಹವನ್ನು ನಮ್ಮ ರೀತಿಯಲ್ಲಿ ಜೋಡಿಸಲು ಬಿಡುವ ಪ್ಲೇಯರ್ ಒಳ್ಳೆಯದು. ನಮ್ಮ ಕಡೆಯ ಸಂಗ್ರಹಕ್ಕೆ ಈ ಎರಡನೆಯ ಮಾತು ಬಹಳ ಮುಖ್ಯ. ಯಕ್ಷಗಾನಕ್ಕೆ "ಕಲಾವಿದ" ಎಂಬ ಒಂದೇ ಖಾನೆ ಸಾಲದು. ಪ್ರಸಂಗ, ಕವಿ, ಭಾಗವತರು, ಚೆಂಡೆ, ಮದ್ದಳೆ, ತಿಟ್ಟು, ಮೇಳ, ಆಟ ನಡೆದ ಊರು ಎಲ್ಲಕ್ಕೂ ಜಾಗ ಬೇಕು. ತಾಳಮದ್ದಳೆಯಾದರೆ ಅರ್ಥಧಾರಿಗಳ ಪಟ್ಟಿಯೂ ಸೇರುತ್ತದೆ. ಫೂಬಾರ್ 2000 ಮತ್ತು ಮ್ಯೂಸಿಕ್‌ಬೀ ಎರಡೂ ಇಂಥ ಸ್ವಂತ ಖಾನೆಗಳನ್ನು ಒಪ್ಪುತ್ತವೆ, ಎರಡೂ ಉಚಿತ, ಎರಡರಲ್ಲೂ ವಸಾಪಿ ಎಕ್ಸ್‌ಕ್ಲೂಸಿವ್ ಇದೆ. ನೋಟಕ್ಕೆ ಮ್ಯೂಸಿಕ್‌ಬೀ ಚೆನ್ನ, ಪರೀಕ್ಷೆ ಮಾಡುವವರಿಗೆ ಫೂಬಾರ್. ಹಣ ಕೊಡಲು ಸಿದ್ಧರಿದ್ದು, ಕೋಣೆಯ ದೋಷ ತಿದ್ದುವ ಸಂಸ್ಕರಣೆ ಬೇಕೆಂದರೆ ಜೆರಿವರ್. ಲಿನಕ್ಸಿನವರಿಗೆ ಸ್ಟ್ರಾಬೆರಿ, ಮೂಲೆಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇಟ್ಟು ಮೊಬೈಲಿನಿಂದ ನಡೆಸುವವರಿಗೆ ಎಂಪಿಡಿ.

ಹಾಡಿನ ಹೆಸರುಗಳ ಬದಲು ಯುರೋಪಿನ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದೂ ಪ್ಲೇಯರಿನ ತಪ್ಪಲ್ಲ. ಕನ್ನಡಕ್ಕೆ ಯೂನಿಕೋಡ್ ಬಳಕೆ ಹರಡುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಹೆಸರುಗಳು ಹಾಗೆ ಕಾಣುತ್ತವೆ. ಪರಿವರ್ತಕದಲ್ಲಿ ಯೂನಿಕೋಡಿಗೆ ತಂದು ಮತ್ತೆ ಅಂಟಿಸಬೇಕು.

ಭಾವ ಕೊನೆಗೆ ಉಳಿಸಿಕೊಂಡದ್ದು ತಾವು ಮೊದಲು ಹಾಕಿದ್ದ ಪ್ಲೇಯರನ್ನೇ, ಫೂಬಾರನ್ನು. ಒಡೆದ ಪ್ರಸಂಗದ ಮೂಲ ಕ್ಯಾಸೆಟ್ ಆ ಪರಿಚಿತರ ಮನೆಯ ಅಟ್ಟದಲ್ಲಿ ಸಿಕ್ಕಿತು. ಬೂಷ್ಟು ಹಿಡಿದಿರಲಿಲ್ಲ, ಟೇಪು ಸಡಿಲವಾಗಿತ್ತು ಅಷ್ಟೇ. ಡೆಕ್ಕಿನ ತಲೆಯನ್ನು ಒರೆಸಿ, ಟೇಪನ್ನು ಒಮ್ಮೆ ಕೊನೆಯವರೆಗೆ ಸುತ್ತಿ ಹಿಂದಕ್ಕೆ ತಂದು, ಚೆಂಡೆಯ ಅತಿ ಗಟ್ಟಿಯಾದ ಉರುಳಿಕೆ −10 ಡೆಸಿಬೆಲ್ ಮೀರದಂತೆ ಮಟ್ಟ ಇಟ್ಟು, 24 ಬಿಟ್‌ನಲ್ಲಿ ಮತ್ತೆ ಇಳಿಸಿದೆವು. ಈ ಸಲ ಅಲೆಗಳ ತುದಿ ದುಂಡಗಿದ್ದವು.